ಪರವಾಗಿ ಆಡಿದ ಮಾತು

ಹಲಸೂರು ಮೆಟ್ರೊ ನಿಲ್ದಾಣದಲ್ಲಿ ರೈಲಿನಿಂದಿಳಿದು ಹೊರಬಾಗಿಲ ಕಡೆಗೆ ನಡೆಯುವವರ ಪಾದಕ್ಕೆ ಒಂದು ಹಳದಿ ಪಟ್ಟಿ ಸಿಕ್ಕುತ್ತದೆ. ಅದರ ಬಿಲ್ಲೆಗಳ ಮೇಲೆ ಕೆಲವೆಡೆ ಉದ್ದನೆಯ ಉಬ್ಬುಗೀರುಗಳು, ಕೆಲವೆಡೆ ಗುಂಡನೆಯ ಬೊಟ್ಟುಗಳು. ಗೀರು ಸಿಕ್ಕರೆ ಮುಂದೆ ನಡೆ ಎಂದರ್ಥ. ಬೊಟ್ಟು ಸಿಕ್ಕರೆ ನಿಂತು ವಿಚಾರಿಸಿಕೊ ಎಂದರ್ಥ. ಕಣ್ಣಿದ್ದವರು ಅದನ್ನು ಅಲಂಕಾರವೆಂದೇ ಭಾವಿಸಿ ತುಳಿದುಕೊಂಡು ಹೋಗುತ್ತಾರೆ. ನಾನೂ ಬಹುದಿನ ಹಾಗೆಯೇ ಭಾವಿಸಿದ್ದವನು. ಒಂದು ಸಂಜೆ ಅದರ ಮೇಲೆ ನಿಂತು ಯಾರಿಗೋ ಕಾಯುತ್ತಿದ್ದಾಗ, ಬಿಳಿಯ ಕೋಲು ಹಿಡಿದ ತರುಣನೊಬ್ಬ ಬಂದು, "ಸ್ವಲ್ಪ ಜರುಗ್ತೀರಾ ಸಾರ್, ಇದು ನಮ್ಮ ದಾರಿ" ಎಂದ. ಕೋಪವಿರಲಿಲ್ಲ ಆ ಮಾತಿನಲ್ಲಿ. ಆದರೆ ಬೇಡಿಕೆಯೂ ಇರಲಿಲ್ಲ. ತನ್ನ ಜಾಗದಲ್ಲಿ ಕುಳಿತವನನ್ನು ಏಳಿಸುವವನ ಧ್ವನಿ ಅದು.

ಆ ಧ್ವನಿ ಅವನಿಗೆ ಎಲ್ಲಿಂದ ಬಂತು ಎಂದು ಯೋಚಿಸುತ್ತ ಮನೆಗೆ ಬಂದೆ. ಬಿಲ್ಲೆಯನ್ನು ಹಾಸಿದವರು ಮೆಟ್ರೊದವರು. ಹಾಸಬೇಕೆಂದು ಹೇಳಿದ್ದು ಕಾನೂನು. ಆ ಕಾನೂನನ್ನು ಮಾಡಿದ್ದು ದಿಲ್ಲಿಯ ಸಂಸತ್ತು, 1995ರಲ್ಲಿ. ಸಂಸತ್ತಿನಲ್ಲಿ ಆ ಮಾತು ಎತ್ತಿದವರು ಯಾರು, ಅವರಿಗಿಂತ ಮೊದಲು ಎತ್ತಬಹುದಾಗಿದ್ದವರು ಯಾರು, ಏಕೆ ಅಷ್ಟು ತಡವಾಯಿತು ಎಂದು ಹಿಂದಕ್ಕೆ ಹೋದರೆ ಕಥೆ ದಿಲ್ಲಿಯಲ್ಲಿ ನಿಲ್ಲುವುದಿಲ್ಲ. ಅದು ಲಂಡನ್ನಿಗೆ ಹೋಗಿ, ಅಲ್ಲಿಂದ ಮತ್ತೆ ಇದೇ ಹಲಸೂರಿನ ಕೆರೆಯ ದಂಡೆಗೆ ಬರುತ್ತದೆ.

ಹಲಸೂರಿನ ಕೆರೆಯ ಪಕ್ಕದಲ್ಲಿ ಮದರಾಸು ಸ್ಯಾಪರ್ಸ್ ಪಡೆಯ ನೆಲೆಯಿರುವುದು ಬೆಂಗಳೂರಿಗರೆಲ್ಲರಿಗೂ ಗೊತ್ತು. ಸೇತುವೆ ಕಟ್ಟುವ, ಸುರಂಗ ತೋಡುವ ಈ ಸಿಪಾಯಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡು ಕೈಹಾಕಿದ ಯುದ್ಧಗಳಿಗೆಲ್ಲ ಹಡಗು ಹತ್ತಿದವರು. 1867ರಲ್ಲಿ ಅಬಿಸೀನಿಯದ ದೊರೆ ಥಿಯೋಡೋರನು ಕೆಲವು ಆಂಗ್ಲರನ್ನು ಸೆರೆಯಲ್ಲಿಟ್ಟನೆಂದು ದಂಡಯಾತ್ರೆ ಹೊರಟಾಗ ಅವರೂ ಹೋದರು. 'ಅಬಿಸೀನಿಯ' ಎಂಬುದು ಇಂದಿಗೂ ಆ ಪಡೆಯ ಯುದ್ಧಗೌರವಗಳಲ್ಲಿ ಒಂದು. ಈಗ ಪ್ರಶ್ನೆ ಬಂತು: ಸಂಬಳ ಯಾರದು? ಅಬಿಸೀನಿಯಕ್ಕೂ ಭಾರತಕ್ಕೂ ಏನು ಸಂಬಂಧ? ಆದರೂ ಸೈನಿಕರ ಮಾಮೂಲು ವೇತನವನ್ನು ಭಾರತದ ಬೊಕ್ಕಸವೇ ಕೊಡತಕ್ಕದ್ದು ಎಂದು ಇಂಗ್ಲೆಂಡಿನ ಸರ್ಕಾರ ತೀರ್ಮಾನಿಸಿತು. ಅದನ್ನು ಪಾರ್ಲಿಮೆಂಟಿನಲ್ಲಿ ವಿರೋಧಿಸಿದವರಲ್ಲಿ ಒಬ್ಬರು ಬ್ರೈಟನ್ನಿನ ಸದಸ್ಯ ಹೆನ್ರಿ ಫಾಸೆಟ್. ಅವರಿಗೆ ಎರಡು ಕಣ್ಣೂ ಇರಲಿಲ್ಲ.

ಫಾಸೆಟ್ಟರು ಹುಟ್ಟು ಕುರುಡರಲ್ಲ. 1858ರ ಸೆಪ್ಟೆಂಬರಿನಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ತಂದೆಯೊಡನೆ ಕೌಜುಗದ ಬೇಟೆಗೆ ಹೋಗಿದ್ದರು. ತಂದೆಗೆ ಕಣ್ಣಿನ ಪೊರೆ ಬರತೊಡಗಿತ್ತು. ಆತ ಹಾರಿಸಿದ ಚರೆಗುಂಡುಗಳಲ್ಲಿ ಎರಡು, ಮಗ ಹಾಕಿಕೊಂಡಿದ್ದ ಕನ್ನಡಕವನ್ನು ಭೇದಿಸಿ, ಎರಡು ಕಣ್ಣಿಗೂ ಒಂದೊಂದರಂತೆ ನೆಟ್ಟವು. ಅರೆಗಣ್ಣಿನ ತಂದೆಯ ಕೈಯಿಂದಲೇ ಮಗನ ದೃಷ್ಟಿ ಹೋಗುವುದೆಂದರೆ ನಮ್ಮ ಪುರಾಣಗಳಲ್ಲಾದರೆ ಅದಕ್ಕೊಂದು ಶಾಪದ ಕಥೆ ಸೇರಿಕೊಳ್ಳುತ್ತಿತ್ತು. ಫಾಸೆಟ್ಟರು ಶಾಪಕ್ಕೂ ವೈರಾಗ್ಯಕ್ಕೂ ಕೈಹಾಕಲಿಲ್ಲ. ಮೊದಲು ಏನಾಗಬೇಕೆಂದಿದ್ದರೋ ಅದೇ ಆಗುವೆನೆಂದು ಹೊರಟರು. 1863ರಲ್ಲಿ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1865ರಲ್ಲಿ ಪಾರ್ಲಿಮೆಂಟಿನ ಸದಸ್ಯರಾದರು. ಜಾರುಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನೂ ಮೀನು ಹಿಡಿಯುವುದನ್ನೂ ಬಿಡಲಿಲ್ಲ.

ಅದೇ 1867ರಲ್ಲಿ ತುರ್ಕಿಯ ಸುಲ್ತಾನನು ಲಂಡನ್ನಿಗೆ ಬಂದಿದ್ದ. ಅವನ ಗೌರವಾರ್ಥ ಇಂಡಿಯಾ ಆಫೀಸಿನಲ್ಲಿ ಭಾರಿ ನೃತ್ಯಕೂಟ ನಡೆಯಿತು. ಖರ್ಚನ್ನು ಭಾರತದ ಲೆಕ್ಕಕ್ಕೆ ಬರೆದರು. ಲಂಡನ್ನಿನಲ್ಲಿ ದೊರೆಸಾನಿಯರು ಕುಣಿದದ್ದಕ್ಕೆ ದೊಡ್ಡಬಳ್ಳಾಪುರದ ರೈತ ಏಕೆ ದುಡ್ಡು ಕೊಡಬೇಕು ಎಂದು ಸಭೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ಫಾಸೆಟ್ಟರಿಗೆ ಅನ್ನಿಸಿತು. (ದೊಡ್ಡಬಳ್ಳಾಪುರದ ಹೆಸರು ನಾನು ಸೇರಿಸಿದ್ದು; ಅವರು ಆಡಿದ್ದು ಬಡ ರೈತನ ಮಾತನ್ನು.) ಮುಂದೆ ಭಾರತದ ಹಣಕಾಸಿನ ವಿಚಾರಣೆಗೆ ಸಮಿತಿ ಏರ್ಪಡುವಂತೆ ಹೋರಾಡಿ, 1871ರಿಂದ ಅದರಲ್ಲಿ ಕುಳಿತು, ಅಂಕಿಅಂಶಗಳನ್ನೆಲ್ಲ ಓದಿಸಿ ಕೇಳಿ ಬಾಯಿಪಾಠ ಮಾಡಿಕೊಂಡು, ಅಧಿಕಾರಿಗಳನ್ನು ಪ್ರಶ್ನಿಸಿದರು. ಅವರಿಗೆ 'ಭಾರತದ ಸದಸ್ಯ' ಎಂದೇ ಹೆಸರು ಬಿತ್ತು. 1874ರಲ್ಲಿ ಬ್ರೈಟನ್ನಿನ ಮತದಾರರು ಅವರನ್ನು ಸೋಲಿಸಿದಾಗ, ಮತ್ತೆ ನಿಲ್ಲುವ ವೆಚ್ಚಕ್ಕೆಂದು ಭಾರತದಲ್ಲಿ ಚಂದಾ ಎತ್ತಿ ಕಳುಹಿಸಿದರು. ಅದೇ ವರ್ಷ ಹ್ಯಾಕ್ನಿ ಕ್ಷೇತ್ರದಿಂದ ಅವರು ಗೆದ್ದರು. 1878ರಲ್ಲಿ ಆಫ್ಘನ್ ಯುದ್ಧದ ವೆಚ್ಚವನ್ನು ಭಾರತದ ತಲೆಗೆ ಕಟ್ಟಿದಾಗಲೂ ವಿರೋಧಿಸಿದರು. ಮೈಸೂರು ಸೀಮೆಯಲ್ಲಿ ಆಗ ತಾನೆ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು.

ಫಾಸೆಟ್ಟರು ಅಂಧರ ಪರವಾಗಿಯೂ ಮಾತಾಡಿದರು. ಅವರನ್ನು ಪ್ರತ್ಯೇಕ ಗೂಡುಗಳಲ್ಲಿ ಕೂಡಿಹಾಕಿ ದಯೆ ತೋರಿಸುವ ಬದಲು, ಮನೆಯವರ ನಡುವೆ, ಊರಿನ ನಡುವೆ, ದುಡಿದು ಬಾಳಲು ಬಿಡಬೇಕೆಂಬುದು ಅವರ ವಾದದ ಸಾರ. 1880ರಿಂದ ಪೋಸ್ಟ್ ಮಾಸ್ಟರ್ ಜನರಲ್ ಆಗಿ ಪಾರ್ಸೆಲ್ ಅಂಚೆಯನ್ನು ಜಾರಿಗೆ ತಂದರು. 1884ರ ನವೆಂಬರಿನಲ್ಲಿ ತೀರಿಕೊಂಡರು. ಕಣ್ಣಿಲ್ಲದವರೊಬ್ಬರು ತಾವು ಎಂದೂ ಬಂದಿರದ ದೇಶದ ಮತವಿಲ್ಲದ ಜನರ ಪರವಾಗಿ ಮಾತಾಡಿದರು ಎಂಬುದು ದೊಡ್ಡ ಸಂಗತಿಯೇ. ಆದರೆ ಅದು ಪರವಾಗಿ ಆಡಿದ ಮಾತು. ಆಡುವವರು ಸತ್ತರೆ ಮಾತೂ ನಿಂತುಹೋಗುತ್ತದೆ.

ಈ ಕಡೆ ನಮ್ಮ ದಂಡಿನ ಸ್ಥಿತಿ ಹೇಗಿತ್ತು? ಹಳಬರು ಕಂಟೋನ್ಮೆಂಟಿಗೆ ದಂಡು ಎಂದೇ ಹೇಳುತ್ತಿದ್ದರು. ಪೇಟೆ ಬೇರೆ, ದಂಡು ಬೇರೆ. ಆ ಬೇರೆತನ ಬರಿಯ ಮಾತಿನದಾಗಿರಲಿಲ್ಲ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಹಿಂದಿರುಗಿದಾಗ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು, ರೆಸಿಡೆಂಟನ ಆಡಳಿತ. ಅದೇ ವರ್ಷ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಅಲ್ಲಿ ಕೋಲಾರದವನು, ಶಿವಮೊಗ್ಗದವನು ಎದ್ದುನಿಂತು ಕೆರೆ ಕಟ್ಟೆಗಳ ಅಹವಾಲು ಹೇಳಬಹುದಾಗಿತ್ತು. ಹಲಸೂರಿನವನಿಗೆ ಅಲ್ಲಿ ಜಾಗವಿಲ್ಲ. ದಂಡಿನ ಪುರಸಭೆಯಲ್ಲಿ ಚರಂಡಿ, ದೀಪ, ತೆರಿಗೆಗಳ ಮಾತಾದರೂ ನಡೆಯುತ್ತಿತ್ತು. ಶಾಸನ ಮಾಡುವ ಸಭೆ ಯಾವುದೂ ಅವರದಾಗಿರಲಿಲ್ಲ. 1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿ ಸೇರಿದ ಮೇಲೆ, 1951–52ರ ಮಹಾಚುನಾವಣೆಯಲ್ಲಿ, ಶಿವಾಜಿನಗರದ ಗಾಡಿಕಾರನೂ ಹಲಸೂರಿನ ಹೂವಾಡಗಿತ್ತಿಯೂ ಸಂಸತ್ತಿಗೆ ಒಬ್ಬ ಸದಸ್ಯನನ್ನು ಆರಿಸಿದರು.

ಅಂಗವಿಕಲರ ವಿಷಯದಲ್ಲಿ ಆ ಹಳೆಯ ದಂಡು ಒಂದು ವಿಚಿತ್ರ ಪಾಠ ಹೇಳುತ್ತದೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಸಿಪಾಯಿಗೆ ಪಿಂಚಣಿ ಇತ್ತು. ಅದು ಅವನ ಗಳಿಕೆ; ಎಣಿಸಿಕೊಂಡು, ಹೆಬ್ಬೆಟ್ಟು ಒತ್ತಿ, ತಲೆಯೆತ್ತಿಕೊಂಡು ಹೋಗುತ್ತಿದ್ದ. ಅದೇ ಬೀದಿಯಲ್ಲಿ ಪೋಲಿಯೊದಿಂದಲೋ ಸಿಡುಬಿನಿಂದಲೋ ಕಾಲು ಕಣ್ಣು ಹೋದವನಿಗೆ ಇದ್ದದ್ದು ಚರ್ಚಿನ, ದರ್ಗಾದ, ಗುಡಿಯ ಬಾಗಿಲು. ಕೊರತೆ ಒಂದೇ, ಒಬ್ಬನಿಗೆ ಹಕ್ಕು, ಇನ್ನೊಬ್ಬನಿಗೆ ಭಿಕ್ಷೆ. ಸರ್ಕಾರಕ್ಕೆ ಎರಡನೆಯವನ ಎಣಿಕೆ ಗೊತ್ತಿರಲಿಲ್ಲವೆಂದಲ್ಲ. 1872ರಿಂದ 1931ರವರೆಗಿನ ಜನಗಣತಿಗಳಲ್ಲಿ ಹುಚ್ಚರು, ಕಿವುಡು-ಮೂಗರು, ಕುರುಡರು, ಕುಷ್ಠರೋಗಿಗಳು ಎಂದು ಲೆಕ್ಕ ಬರೆಯುತ್ತಿದ್ದರು. ಬರೆದು ಇಡುತ್ತಿದ್ದರು, ಅಷ್ಟೆ.

ಸ್ವತಂತ್ರ ಭಾರತದ ಸಂವಿಧಾನ ಬಂತು. ಅದರ 41ನೆಯ ಅನುಚ್ಛೇದದಲ್ಲಿ ನಿರುದ್ಯೋಗ, ಮುಪ್ಪು, ಕಾಯಿಲೆಗಳ ಜೊತೆಗೆ ಅಂಗವಿಕಲತೆಗೂ ರಾಜ್ಯವು ನೆರವಾಗಬೇಕೆಂಬ ಮಾತಿದೆ. ಆದರೆ ನ್ಯಾಯಾಲಯಕ್ಕೆ ಹೋಗಿ ಕೇಳುವಂಥ ಮಾತಲ್ಲ ಅದು. ಇನ್ನು ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 9ನೆಯ ಬಾಬು: ಅಂಗವಿಕಲರ ಮತ್ತು ಕೆಲಸಕ್ಕೆ ಬಾರದವರ ಪರಿಹಾರ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ವಾಚಕರು ಗಮನಿಸಬೇಕು. ಬರೆದವರಲ್ಲಿ ದುರುದ್ದೇಶವಿರಲಿಲ್ಲ, ಕಾಲದ ಕಣ್ಣೇ ಹಾಗಿತ್ತು. ಆದರೆ ಅದರ ಫಲವೊಂದು ನಲವತ್ತೈದು ವರ್ಷ ಕಾಡಿತು. ಬಾಬು ರಾಜ್ಯಪಟ್ಟಿಯಲ್ಲಿದ್ದುದರಿಂದ ಸಂಸತ್ತು 'ಅದು ರಾಜ್ಯಗಳ ಕೆಲಸ' ಎನ್ನಬಹುದಾಗಿತ್ತು. ರಾಜ್ಯಗಳು 'ಹಣವೆಲ್ಲಿದೆ' ಎನ್ನಬಹುದಾಗಿತ್ತು.

ಅಂಥ ಸಂಸತ್ತಿಗೆ 1953ರ ಉಪಚುನಾವಣೆಯಲ್ಲಿ ಗೆದ್ದು ಬಂದವರು ಸಾಧನ್ ಗುಪ್ತ. ಶ್ಯಾಮಪ್ರಸಾದ ಮುಖರ್ಜಿಯವರ ನಿಧನದಿಂದ ತೆರವಾದ ಕಲ್ಕತ್ತ ಆಗ್ನೇಯ ಕ್ಷೇತ್ರ ಅದು. ಗುಪ್ತರು ಕೈಗೂಸಾಗಿದ್ದಾಗಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡವರು; ವಕೀಲರು, ಕಮ್ಯುನಿಸ್ಟರು. ಲೋಕಸಭೆಗೆ ಬಂದ ಮೊದಲ ಅಂಧ ಸದಸ್ಯರು ಅವರೇ. 1957ರಲ್ಲಿ ಮತ್ತೆ ಗೆದ್ದರು. ಅವರನ್ನು ಕಳುಹಿಸಿದ ಮತದಾರರು ಅಂಧರ ಪ್ರತಿನಿಧಿಯನ್ನೇನೂ ಆರಿಸಿರಲಿಲ್ಲ, ಕಲ್ಕತ್ತೆಯ ಪ್ರತಿನಿಧಿಯನ್ನು ಆರಿಸಿದ್ದರು. ಅದೇ ಆ ಗೆಲುವಿನ ಹೆಚ್ಚುಗಾರಿಕೆ ಎಂದು ನನಗೆ ತೋರುತ್ತದೆ. ಮುಂದೆ ಅವರು ರಾಷ್ಟ್ರೀಯ ಅಂಧರ ಒಕ್ಕೂಟದ ಮುಂದಾಳಾದರು. 1986ರಲ್ಲಿ ಪಶ್ಚಿಮ ಬಂಗಾಳದ ಅಡ್ವೊಕೇಟ್ ಜನರಲ್ ಆದರು. 1977ರಲ್ಲಿ ರೀವಾದ ಮಾಜಿ ಮಹಾರಾಜರನ್ನು ಸೋಲಿಸಿ ಲೋಕಸಭೆಗೆ ಬಂದ ಯಮುನಾಪ್ರಸಾದ ಶಾಸ್ತ್ರಿಗಳೂ ಅಂಧರೇ. ಗೋವಾ ವಿಮೋಚನೆಯ ಸತ್ಯಾಗ್ರಹಕ್ಕೆ ಹೋಗಿ, ಪೋರ್ಚುಗೀಸ್ ಪೊಲೀಸರ ಹಿಂಸೆಯಿಂದ ಕಣ್ಣು ಕಳೆದುಕೊಂಡವರು. ಆದರೆ ಇವರಿದ್ದೂ ಕಾನೂನು ಬರಲಿಲ್ಲ. ಬೆರಳೆಣಿಕೆಯ ಸದಸ್ಯರ ಬೆನ್ನಿಗೆ ಹೊರಗಿನ ಜನದ ಒತ್ತಡವಿಲ್ಲದಿದ್ದರೆ ಸಭೆಯಲ್ಲಿ ಕಿವಿಗಳಿದ್ದೂ ಉಪಯೋಗವಿಲ್ಲ.

ಆ ಹೊರಗಿನ ಜನ ಎಲ್ಲಿ ತಯಾರಾದರು ಎಂದು ನೋಡಲು ಮತ್ತೆ ಬೆಂಗಳೂರಿನ ಪೂರ್ವಕ್ಕೆ ಬರಬೇಕು. 1959ರಲ್ಲಿ ಎನ್. ಎಸ್. ಹೇಮಾ ಎಂಬ ಮಹಿಳೆ, ಪೋಲಿಯೊದಿಂದ ಗಾಲಿಕುರ್ಚಿಯಲ್ಲಿದ್ದವರು, ಅಂಗವಿಕಲರ ಸಂಘವೊಂದನ್ನು ಆರಂಭಿಸಿದರು. ಎಪಿಡಿ ಎಂಬ ಹೆಸರಿನಲ್ಲಿ ಅದು ಲಿಂಗರಾಜಪುರದಲ್ಲಿ ಬೇರುಬಿಟ್ಟಿತು. ಅಂಗವಿಕಲರಿಗಾಗಿ ಇತರರು ನಡೆಸುವ ಆಶ್ರಮಗಳು ಅದಕ್ಕೂ ಮೊದಲು ಇದ್ದವು. ಇದು ಅಂಗವಿಕಲರೊಬ್ಬರು ತಾವೇ ಕಟ್ಟಿದ್ದು. ಅಲ್ಲಿ ಶಾಲೆ ಬಂತು, ಯಂತ್ರಕೆಲಸದ ತರಬೇತಿ ಬಂತು, ಊರುಗೋಲು, ಕೃತಕಾಂಗಗಳ ಕಾರ್ಯಾಗಾರ ಬಂತು. ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆಯ ತರಬೇತಿಯೂ ನಡೆಯಿತು. ಕುಂಡದಲ್ಲಿ ಸಸಿ ನೆಡಲು ಎರಡು ಕಾಲು ಏಕೆ ಬೇಕು ಎಂಬುದು ಸರಳವಾದ ಪ್ರಶ್ನೆ, ಕೇಳುವವರು ಬೇಕಾಗಿತ್ತು.

ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಚೆಷೈರ್ ಹೋಮ್ ಇದೆ. ಅದರ ಹೆಸರಿಗೆ ಕಾರಣರಾದ ಲೆನರ್ಡ್ ಚೆಷೈರ್ ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳ ಚಾಲಕ. ನಾಗಾಸಾಕಿಯ ಮೇಲೆ ಬಾಂಬು ಬಿದ್ದದ್ದನ್ನು ಆಕಾಶದಿಂದ ಕಂಡವರು. ಯುದ್ಧ ಮುಗಿದ ಮೇಲೆ ಅಂಗವಿಕಲರಿಗೆ ಮನೆಗಳನ್ನು ಕಟ್ಟುತ್ತ ಹೊರಟು, 1950ರ ದಶಕದಲ್ಲಿ ಭಾರತಕ್ಕೆ ಬಂದರು. 1991ರಲ್ಲಿ, ಸಾಯುವ ಒಂದು ವರ್ಷ ಮೊದಲು, ಅವರಿಗೆ ಬ್ರಿಟನ್ನಿನ ಲಾರ್ಡ್ಸ್ ಸಭೆಯಲ್ಲಿ ಪೀಠ ದೊರೆಯಿತು. ಇಂದಿರಾನಗರದಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ 1980ರ ದಶಕದಿಂದ ಮಿದುಳಿನ ಪಾರ್ಶ್ವವಾಯುವಿನ ಮಕ್ಕಳಿಗೆ ಪಾಠ ಹೇಳುತ್ತಿದೆ. ಸಭೆಯ ಮಾತಿಗೆ ಬೇಕಾದ ಅನುಭವವೆಲ್ಲ ಇಂಥ ಅಂಗಳಗಳಲ್ಲಿ ಸಂಗ್ರಹವಾಗುತ್ತಿತ್ತು.

ಲೆಕ್ಕದ ಮಾತು ಇನ್ನೊಂದು ತಮಾಷೆ. ಸ್ವಾತಂತ್ರ್ಯ ಬಂದ ಮೇಲೆ ಜನಗಣತಿಯಲ್ಲಿ ಅಂಗವಿಕಲತೆಯ ಪ್ರಶ್ನೆಯನ್ನೇ ಬಿಟ್ಟಿದ್ದರು. 1981 ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಆ ಸಲ ಕೇಳಿದರು. ಪೂರ್ಣ ಕುರುಡು, ಪೂರ್ಣ ಮೂಗು, ಪೂರ್ಣ ಹೆಳವು ಇದ್ದವರನ್ನಷ್ಟೇ. ದೇಶಕ್ಕೆಲ್ಲ ಸಿಕ್ಕಿದ್ದು 11 ಲಕ್ಷ ಜನ! 1991ರಲ್ಲಿ ಮತ್ತೆ ಬಿಟ್ಟರು. ಅಂಗವಿಕಲರ ಸಂಘಟನೆಗಳು ಹಟಹಿಡಿದ ಮೇಲೆ 2001ರಲ್ಲಿ ಕೇಳಿದಾಗ ಸಂಖ್ಯೆ 2.19 ಕೋಟಿ. ಇಪ್ಪತ್ತು ವರ್ಷದಲ್ಲಿ ದೇಶಕ್ಕೆ ಯಾವ ಮಹಾಮಾರಿಯೂ ಬಡಿದಿರಲಿಲ್ಲ, ಪ್ರಶ್ನೆ ಬದಲಾಗಿತ್ತು. 2011ರಲ್ಲಿ 2.68 ಕೋಟಿ; ಕರ್ನಾಟಕದಲ್ಲಿ ಮಾತ್ರ 13.24 ಲಕ್ಷ. ಲೆಕ್ಕಕ್ಕೆ ಬಾರದವರ ಪರವಾಗಿ ಸದಸ್ಯನು ಎದ್ದುನಿಂತರೂ ಮಂತ್ರಿಯು 'ಎಷ್ಟು ಜನ?' ಎಂದು ಕೇಳಿ ಕೂರಿಸಬಹುದು.

ಮೊದಲ ಕಾನೂನಿನ ಹಿಂದೆ ನಿಂತವರಲ್ಲಿ ಬಹರುಲ್ ಇಸ್ಲಾಂ ಅವರನ್ನು ನೆನೆಯಬೇಕು. ಅಸ್ಸಾಮಿನವರು, ರಾಜ್ಯಸಭೆಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಮತ್ತೆ ರಾಜ್ಯಸಭೆಗೆ ಬಂದವರು. ನ್ಯಾಯಪೀಠ ಬಿಟ್ಟು ರಾಜಕೀಯಕ್ಕೆ ಮರಳಿದ್ದಕ್ಕೆ ಟೀಕೆಯನ್ನೂ ಕೇಳಿದವರು. 1987ರಲ್ಲಿ, ಸದಸ್ಯರಾಗಿದ್ದಾಗಲೇ, ಅಂಗವಿಕಲರಿಗಾಗಿ ಸಮಗ್ರ ಶಾಸನದ ಬಗ್ಗೆ ಸಮಿತಿಯ ಅಧ್ಯಕ್ಷತೆ ವಹಿಸಿ ಮರುವರ್ಷ ವರದಿ ಕೊಟ್ಟರು. ವರದಿ ಏಳು ವರ್ಷ ಮಲಗಿತು. 1992ರ ಡಿಸೆಂಬರಿನಲ್ಲಿ ಬೀಜಿಂಗಿನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳು ಅಂಗವಿಕಲರ ಸಮಾನತೆಯ ಘೋಷಣೆ ಮಾಡಿದವು. ಆಗ ಹಳೆಯ ತೊಡಕಿಗೆ ಬೀಗದ ಕೈ ಸಿಕ್ಕಿತು: ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೊಳಿಸಲು 253ನೆಯ ಅನುಚ್ಛೇದದ ಪ್ರಕಾರ ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. 1995ರ ಡಿಸೆಂಬರ್ ಕೊನೆಯಲ್ಲಿ, ಅಂಗವಿಕಲರು ದಿಲ್ಲಿಯ ಬೀದಿಗಿಳಿದ ಮೇಲೆ, ಶಾಸನವಾಯಿತು. 1996ರ ಫೆಬ್ರವರಿ 7ರಿಂದ ಜಾರಿ.

ಅದರ 44, 45, 46ನೆಯ ಪ್ರಕರಣಗಳಲ್ಲಿ ರೈಲು, ಬಸ್ಸು, ರಸ್ತೆ, ಕಟ್ಟಡಗಳ ಮಾತಿದೆ. ಹಳದಿ ಪಟ್ಟಿಯ ಮೂಲ ಅಲ್ಲಿದೆ. ಆದರೆ ಪ್ರತಿಯೊಂದಕ್ಕೂ ಒಂದು ಬಾಲ: 'ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ'. ಸಾಲ ಕೇಳಲು ಬಂದ ನೆಂಟನಿಗೆ 'ನೋಡೋಣ, ಮುಂದಿನ ಸುಗ್ಗಿಗೆ' ಎಂದಂತೆ. ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಅದು ಗುರುತಿಸಿತು, ಆಟಿಸಂ ಅದರಲ್ಲಿರಲಿಲ್ಲ. ಅಂಥ ಮಗುವಿನ ತಾಯಿ ಪ್ರಮಾಣಪತ್ರಕ್ಕೆ ಹೋದರೆ ಕಾನೂನಿನಲ್ಲಿ ಮಗುವಿಗೆ ಹೆಸರೇ ಇಲ್ಲ.

ಎರಡನೆಯ ಕಾನೂನಿನಲ್ಲಿ ಕನ್ನಡನಾಡಿನ ಪಾತ್ರವಿದೆ. 2014ರ ಫೆಬ್ರವರಿ 7ರಂದು ರಾಜ್ಯಸಭೆಯಲ್ಲಿ ಹೊಸ ಮಸೂದೆಯನ್ನು ಮಂಡಿಸಿದವರು ಕಲಬುರ್ಗಿಯ ಮಲ್ಲಿಕಾರ್ಜುನ ಖರ್ಗೆ. ರೈಲ್ವೆಯ ಜೊತೆಗೆ ಸಾಮಾಜಿಕ ನ್ಯಾಯದ ಖಾತೆ ಆಗ ಅವರ ಹೆಗಲಿಗೆ ಬಂದಿತ್ತು. ಆ ಕರಡನ್ನು ಅಂಗವಿಕಲರ ಸಂಘಟನೆಗಳಲ್ಲೇ ಕೆಲವು ಸಾಲದೆಂದವು. ಸರ್ಕಾರ ಬದಲಾಯಿತು, ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. 2016ರ ಚಳಿಗಾಲದ ಅಧಿವೇಶನ ನೋಟು ರದ್ದತಿಯ ಗದ್ದಲದಲ್ಲಿ ಕೊಚ್ಚಿಹೋಗುತ್ತಿದ್ದಾಗ, ಡಿಸೆಂಬರ್ 14ರಂದು ರಾಜ್ಯಸಭೆಯ ಎಲ್ಲ ಪಕ್ಷಗಳೂ ಗದ್ದಲ ನಿಲ್ಲಿಸಿ, ಮಂತ್ರಿ ತಾವರ್‌ಚಂದ್ ಗೆಹ್ಲೋಟ್ ತಂದ ನೂರಕ್ಕೂ ಹೆಚ್ಚು ತಿದ್ದುಪಡಿಗಳೊಡನೆ ಅದನ್ನು ಅಂಗೀಕರಿಸಿದವು. 16ರಂದು ಲೋಕಸಭೆ ಒಪ್ಪಿತು. ಏಳರ ಜಾಗದಲ್ಲಿ 21 ವೈಕಲ್ಯಗಳು. ಸರ್ಕಾರಿ ಕೆಲಸದ ಮೀಸಲು ಶೇಕಡಾ 3ರಿಂದ 4ಕ್ಕೆ. ಇರುವ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಲು ಐದು ವರ್ಷದ ಗಡುವು. ಗೆಹ್ಲೋಟರು 2021ರಲ್ಲಿ ಕರ್ನಾಟಕದ ರಾಜ್ಯಪಾಲರಾಗಿ, ಮಾರ್ಕ್ ಕಬ್ಬನ್ ಕಟ್ಟಿಸಿದ ಬಂಗಲೆಗೆ ಬಂದರು.

ಗಡುವು 2022ರ ಜೂನಿಗೆ ಮುಗಿಯಿತು. ಅದಾದ ಮೇಲೆ ಒಂದು ದಿನ, ಹೆಸರು ಬೇಡ, ಒಂದು ಕಚೇರಿಗೆ ನಮ್ಮ ನೆರೆಯ ಹಿರಿಯರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದೆ. ಬಾಗಿಲಿಗೆ ಏಳು ಮೆಟ್ಟಿಲು. ಗುಮಾಸ್ತರು ಸಜ್ಜನರು; ಕೆಳಗೇ ಬಂದು ರುಜು ಹಾಕಿಸಿಕೊಂಡರು. ಹಿರಿಯರು ಥ್ಯಾಂಕ್ಸ್ ಹೇಳಿದರು. ದಾರಿಯಲ್ಲಿ, "ಅವರು ರಜೆ ಇದ್ದರೆ?" ಎಂದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಇಂಥ ಸೌಲಭ್ಯಗಳ ಕನಿಷ್ಠ ಮಟ್ಟವನ್ನು ಬರಿಯ ಮಾರ್ಗಸೂಚಿಯಾಗಿ ಬಿಡದೆ ಕಡ್ಡಾಯ ನಿಯಮವಾಗಿ ಮಾಡಬೇಕು.

ಮತಗಟ್ಟೆಗೂ ಮೆಟ್ಟಿಲುಗಳಿದ್ದವು. ಅಂಧ ಮತದಾರ ಜೊತೆಗೊಬ್ಬರನ್ನು ಕರೆತರಬಹುದೆಂಬ ನಿಯಮ ಹಿಂದಿನಿಂದ ಇದೆ. ಆದರೆ ಗುಟ್ಟಿನ ಮತ ಇಬ್ಬರ ಗುಟ್ಟಾಗುತ್ತದೆ. 2004ರಲ್ಲಿ ಸುಪ್ರೀಂ ಕೋರ್ಟಿನ ಮಾತಿನ ಮೇಲೆ ಇಳಿಜಾರುಗಳು ಬಂದವು, ಯಂತ್ರಗಳ ಮೇಲೆ ಬ್ರೈಲ್ ಅಂಕಿಗಳು ಬಂದವು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ, ಕರ್ನಾಟಕದಲ್ಲಿ ಮೊದಲ ಸಲ, ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರು ಬಯಸಿದರೆ ಮತಪೆಟ್ಟಿಗೆಯೇ ಅವರ ಮನೆಗೆ ಹೋಯಿತು.

ಮತ ಹಾಕುವ ಏರ್ಪಾಡು ಇಷ್ಟು ಮುಂದೆ ಬಂದಿದೆ. ಆರಿಸಿ ಬರುವ ಏರ್ಪಾಡಿನ ಮಾತನ್ನು ನೆರೆಯವರು ಈಗ ತೆಗೆದಿದ್ದಾರೆ. 2025ರಲ್ಲಿ ತಮಿಳುನಾಡು ತನ್ನ ಪಂಚಾಯಿತಿ, ನಗರಸಭೆ, ಪಾಲಿಕೆಗಳಲ್ಲಿ ಅಂಗವಿಕಲರನ್ನು ಸದಸ್ಯರಾಗಿ ನಾಮಕರಣ ಮಾಡುವ ಕಾನೂನು ಮಾಡಿತು. ಮೆಟ್ರೊದ ತರುಣನನ್ನು ಎರಡನೆಯ ಸಲ ಕಂಡಾಗ ಈ ಸುದ್ದಿ ಹೇಳಿದೆ. ಹಲಸೂರಿನಿಂದ ಹೊಸೂರಿಗೆ ನಲವತ್ತು ಕಿಲೋಮೀಟರು. ಅಲ್ಲಿನ ಪಾಲಿಕೆಯಲ್ಲಿ ನಿಮ್ಮವರೊಬ್ಬರು ಕೂರುತ್ತಾರೆ ಎಂದೆ. ಅವನು ಕೋಲನ್ನು ಮಡಿಸುತ್ತ, "ನಾಮಕರಣಾನಾ ಸಾರ್, ಎಲೆಕ್ಷನ್ನಾ?" ಎಂದು ಕೇಳಿ, ಬೈಯಪ್ಪನಹಳ್ಳಿಯ ಗಾಡಿ ಬಂದದ್ದು ಕೇಳಿಸಿ, ಹತ್ತಿ ಹೋದ.